ಮಳೆ ಬರುವ ಮೊದಲೇ ಮೈದಾನ ಖಾಲಿ ಮಾಡಿಸುವುದು ಹೇಗೆ? ಕಾಲೇಜಿನಲ್ಲಿ ಇರುವವರು ದಯವಿಟ್ಟು ಹೇಳಿ

ಮೈದಾನದ ಮೇಷ್ಟ್ರು, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಮೇಷ್ಟ್ರು. 14 ವರ್ಷದಿಂದ ಇದೇ ಕೆಲಸ. ಹೋದ ವಾರ ನಮ್ಮ ಮೈದಾನದಲ್ಲಿ ನಡೆದದ್ದನ್ನು ಹೇಳಿ, ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕಿದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಭರಣಿ ಮಳೆ ಹುಟ್ಟಿ ಎರಡು ದಿನ ಆಗಿತ್ತು. ಬೆಳಿಗ್ಗೆಯಿಂದ ಒಂದೇ ಸಮನೆ ಸೆಕೆ. ಎಲೆ ಅಲ್ಲಾಡುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಬಿಎ ಮತ್ತು ಬಿಕಾಂ ಹುಡುಗರ ಕ್ರಿಕೆಟ್ ಪಂದ್ಯ, ಕೊನೆಯ 4 ಓವರ್ ಬಾಕಿ. ಬೇಲೂರು ಕಡೆ ಆಕಾಶ ಕಪ್ಪಾಗಿತ್ತು. ನಮ್ಮ ತಲೆಯ ಮೇಲೆ ಮಾತ್ರ ಬಿಸಿಲು. ದೂರದಲ್ಲಿ ಎರಡು ಸಲ ಗುಡುಗಿತು. "ಸರ್, ಮಳೆ ಬಂದರೆ ನಿಲ್ಲಿಸೋಣ" ಅಂತ ಹುಡುಗರು ಅಂದರು. ನಾನೂ ಹೂಂ ಅಂದೆ. ಆ ಹೂಂ ಅಂದದ್ದು ನನ್ನ ತಪ್ಪು.

ಬ್ಯಾಟಿಂಗ್ ತಂಡದವರು ಬೌಂಡರಿ ಪಕ್ಕದ ನೀಲಗಿರಿ ಮರದ ಹತ್ತಿರ ಬ್ಯಾಗ್ ಇಟ್ಟುಕೊಂಡು ಕೂತಿದ್ದರು. ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ತಣ್ಣನೆ ಗಾಳಿ ಒಂದು ಸಲ ಬೀಸಿ ಧೂಳು ಎದ್ದಿತು, ಅಷ್ಟೇ. ಮರಕ್ಕೆ ಸಿಡಿಲು ಬಡಿಯಿತು. ಬೆಳಕು, ಸದ್ದು ಎರಡೂ ಒಟ್ಟಿಗೆ. ನಾನು ಪಿಚ್ ಹತ್ತಿರ ಇದ್ದೆ. ಕಣ್ಣು ಬಿಟ್ಟಾಗ ಮರದಿಂದ ಹತ್ತು ಹೆಜ್ಜೆ ದೂರ ಕೂತಿದ್ದ ಹುಡುಗ ನೆಲದ ಮೇಲೆ ಬಿದ್ದಿದ್ದ. "ಸರ್, ಕಾಲು ಇಲ್ಲ, ಕಾಲು ಇಲ್ಲ" ಅನ್ನುತ್ತಿದ್ದ. ಕಾಲು ಇತ್ತು, ಸ್ವಾಧೀನ ಇರಲಿಲ್ಲ. ಮುಟ್ಟಿದರೆ ತಣ್ಣಗಿತ್ತು, ಬಣ್ಣ ಬಿಳಚಿಕೊಂಡಿತ್ತು. ಪಕ್ಕದವನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ಮಾಡಿ ಒಂದು ರಾತ್ರಿ ಇಟ್ಟುಕೊಂಡರು. ಎರಡು ಗಂಟೆಯಲ್ಲಿ ಕಾಲಿಗೆ ಶಕ್ತಿ ಬಂತು. ಇಬ್ಬರೂ ಈಗ ಚೆನ್ನಾಗಿದ್ದಾರೆ. ಆ ಹುಡುಗನ ತಾಯಿ ರಾತ್ರಿ ಹತ್ತು ಗಂಟೆಗೆ ಹಳ್ಳಿಯಿಂದ ಬಂದರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಮಗನ ಪಾದ ಹಿಡಿದುಕೊಂಡು ಸುಮ್ನೆ ಕೂತಿದ್ದರು.

ಮರುದಿನ ಮರ ನೋಡಲು ಹೋದೆ. ತುದಿಯಿಂದ ಬುಡದವರೆಗೆ ಅಂಗೈ ಅಗಲದ ತೊಗಟೆ ಸುಲಿದು ಹೋಗಿತ್ತು. ತೊಗಟೆಯ ಚೂರುಗಳು ಪಿಚ್‌ವರೆಗೂ ಹಾರಿದ್ದವು. ಬುಡದಲ್ಲಿ ಹುಲ್ಲು ಒಂದು ಗೆರೆ ಎಳೆದಂತೆ ಕಂದಿತ್ತು. ಆ ಗೆರೆ ಹುಡುಗ ಕೂತಿದ್ದ ದಿಕ್ಕಿಗೇ ಇತ್ತು.

ನನ್ನ ಪ್ರಶ್ನೆ ಇಷ್ಟು. ಮಳೆ ಬಂದರೆ ಎಲ್ಲರೂ ತಾವಾಗೇ ಓಡುತ್ತಾರೆ, ಯಾರೂ ಹೇಳಬೇಕಿಲ್ಲ. ಮಳೆ ಬರುವ ಮುಂಚಿನ ಆ 20 ನಿಮಿಷದಲ್ಲಿ, ಬಿಸಿಲು ಇರುವಾಗಲೇ, 300 ಮಕ್ಕಳನ್ನು ಒಳಗೆ ಕಳಿಸಬೇಕು. ಯಾರು ಹೇಳಬೇಕು? ಯಾವ ಹೊತ್ತಿಗೆ ಹೇಳಬೇಕು? ನಿಮ್ಮ ಕಾಲೇಜಿನಲ್ಲಿ ಹೇಗೆ ಮಾಡುತ್ತೀರಿ?

ಫಿಸಿಕ್ಸ್ ಮೇಡಂ, ಚಿಕ್ಕಮಗಳೂರು

ಸರ್, ಓದಿ ಕೈಕಾಲು ನಡುಗಿತು. ಮಕ್ಕಳು ಹುಷಾರಾಗಿದ್ದಾರೆ ಅನ್ನುವುದೇ ದೊಡ್ಡದು.

ಯಾವಾಗ ಹೇಳಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇದೆ. ಮಿಂಚಿನ ಬೆಳಕು ಆ ಕ್ಷಣವೇ ಕಾಣುತ್ತದೆ. ಸದ್ದು 1 ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಮಿಂಚು ಕಂಡ ತಕ್ಷಣ ಎಣಿಸಲು ಶುರು ಮಾಡಿ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಒಂದು ಮಿಂಚು ಅಷ್ಟು ದೂರ ಹೊಡೆದರೆ ಮುಂದಿನದು ನಿಮ್ಮ ಮೈದಾನಕ್ಕೇ ಹೊಡೆಯಬಹುದು. ಮೋಡ ಬೇಲೂರು ಕಡೆ ಇದ್ದರೂ ಸಿಡಿಲು ಅದರ ಅಂಚು ಬಿಟ್ಟು ಪಕ್ಕಕ್ಕೆ ಹಾರಿ ಬಿಸಿಲಿರುವ ಜಾಗಕ್ಕೆ ಬೀಳುತ್ತದೆ. ನಿಮ್ಮಲ್ಲಿ ಆದದ್ದು ಅದೇ.

ಮಕ್ಕಳಿಗೆ ನಾನು ಇನ್ನೂ ಸುಲಭ ಮಾಡಿ ಹೇಳುತ್ತೇನೆ. ಗುಡುಗು ಸಾಮಾನ್ಯವಾಗಿ 15 ಕಿಲೋಮೀಟರ್ ಆಚೆಯಿಂದ ಕೇಳಿಸುವುದಿಲ್ಲ. ಅಂದರೆ ಕಿವಿಗೆ ಗುಡುಗು ಬಿತ್ತು ಅಂದರೆ ನೀವು ಆಗಲೇ ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೀರಿ. ಎಣಿಸುವ ಗೋಜೂ ಬೇಡ. ಮೊದಲ ಗುಡುಗಿಗೇ ಒಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಕಾಲಿಡುವಂತಿಲ್ಲ. ಮಧ್ಯೆ ಇನ್ನೊಂದು ಗುಡುಗಿದರೆ 30 ನಿಮಿಷ ಮತ್ತೆ ಮೊದಲಿಂದ.

ತೊಗಟೆ ಸುಲಿದದ್ದು ಯಾಕೆ ಅಂದರೆ, ತೊಗಟೆಯ ಕೆಳಗಿನ ರಸ ಒಂದೇ ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಆಮೇಲೆ ಆ ವಿದ್ಯುತ್ ನೆಲಕ್ಕಿಳಿದು ನಾಲ್ಕೂ ಕಡೆ ಹರಡುತ್ತದೆ. ಮರದ ಹತ್ತಿರದ ನೆಲಕ್ಕೂ ಸ್ವಲ್ಪ ದೂರದ ನೆಲಕ್ಕೂ ವೋಲ್ಟೇಜ್ ಬೇರೆ ಬೇರೆ. ಕಾಲು ಚಾಚಿ ಕೂತವರಿಗೆ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಮರದ ಕೆಳಗೆ ದನಗಳು ಒಟ್ಟೊಟ್ಟಿಗೆ ಸಾಯುವುದು ಇದಕ್ಕೇ. ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಎದೆ ಮಧ್ಯದಲ್ಲಿ ಸಿಗುತ್ತದೆ. ಆದ್ದರಿಂದ ಮರ ಮುಟ್ಟದೆ ದೂರ ಕೂತಿದ್ದೇವೆ ಅನ್ನುವ ಧೈರ್ಯ ಬೇಡ. ಬಯಲಲ್ಲಿ ಮಲಗುವುದಂತೂ ಬೇಡವೇ ಬೇಡ.

ನನ್ನ ಅಜ್ಜಿ ಗುಡುಗಿದ ತಕ್ಷಣ ನಮ್ಮನ್ನೆಲ್ಲ ಒಳಗೆ ಎಳೆದು, ಬಾಗಿಲು ಹಾಕಿ, ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದಳು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ... ಹೆಸರಿನ ಶಕ್ತಿ ಏನೋ ಗೊತ್ತಿಲ್ಲ, ನಾವು ಬಾಗಿಲ ಒಳಗೆ ಇರುತ್ತಿದ್ದೆವು. ನನಗೆ ಆ ಅಜ್ಜಿ ಮೇಲೆ ಈಗಲೂ ಗೌರವ.

ಬಿಕಾಂ ಎರಡನೇ ವರ್ಷ

ಮೈದಾನದಲ್ಲಿ ಇದ್ದಾಗ ಮೊಬೈಲ್ ಸ್ವಿಚ್ ಆಫ್ ಮಾಡಬೇಕು ಅಲ್ವಾ ಸರ್? ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಫಿಸಿಕ್ಸ್ ಮೇಡಂ, ಚಿಕ್ಕಮಗಳೂರು

ಇಲ್ಲಪ್ಪ. ಕೈಯಲ್ಲಿರುವ ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಸಿಡಿಲಿಗೆ ಬೇಕಾಗಿರುವುದು ಎತ್ತರದ ವಸ್ತು. ಬಯಲಲ್ಲಿ ನಿಂತ ನೀನೇ ಎತ್ತರ. ಅಪಾಯ ಇರುವುದು ಗೋಡೆಯ ಪ್ಲಗ್‌ಗೆ ಚಾರ್ಜರ್ ಹಾಕಿಕೊಂಡು ಮಾತಾಡುವುದರಲ್ಲಿ. ಮೊಬೈಲ್ ಆಫ್ ಮಾಡಬೇಡ, ಅದರಲ್ಲಿ ದಾಮಿನಿ ಅನ್ನುವ ಆ್ಯಪ್ ಹಾಕಿಕೋ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರದ್ದು. ನೀನಿರುವ ಜಾಗದ ಸುತ್ತ 20 ಕಿಲೋಮೀಟರ್, 40 ಕಿಲೋಮೀಟರ್‌ನಲ್ಲಿ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರ ಸಿಡಿಲು ಅನ್ನುವ ಆ್ಯಪ್ ಕೂಡ ಇದೆ. ಆದರೆ ನೆಟ್‌ವರ್ಕ್ ಹೋದರೆ ಯಾವ ಆ್ಯಪ್ ಕೂಡ ಇಲ್ಲ. ಕಿವಿ ಇದ್ದೇ ಇರುತ್ತದೆ.

ತೋಟದ ರೈಟರ್, ಮೂಡಿಗೆರೆ

ನಾನು ಕಾಲೇಜಿನವನಲ್ಲ. ಕಾಫಿ ತೋಟದಲ್ಲಿ 22 ವರ್ಷದಿಂದ ರೈಟರ್, ಅಂದರೆ ಆಳುಗಳ ಲೆಕ್ಕ, ಕೆಲಸ ನೋಡಿಕೊಳ್ಳುವವನು. ಮೇಷ್ಟ್ರು ಕೇಳಿದ "ಯಾರು ಹೇಳಬೇಕು" ಅನ್ನುವುದು ನಮಗೂ ಬಂದ ಪ್ರಶ್ನೆ, ಅದಕ್ಕೆ ಬರೆಯುತ್ತಿದ್ದೇನೆ.

ಮಾರ್ಚ್, ಏಪ್ರಿಲ್ ಅಂದರೆ ನಮಗೆ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಕಾಯುವ ಕಾಲ. ಅದೇ ಹೊತ್ತಿಗೆ ಕಾಳುಮೆಣಸಿನ ಕುಯ್ಲು. ಅಲ್ಯೂಮಿನಿಯಂ ಏಣಿ ಹಾಕಿ 30 ಅಡಿ ಮೇಲೆ ಮರದಲ್ಲಿ ಜನ ಇರುತ್ತಾರೆ. ಗುಡುಗಿದರೆ ಇಳಿಸಲೇಬೇಕು. ಮೊದಲು ನಾವು "ಗುಡುಗಿದರೆ ಇಳಿಯಿರಿ" ಅಂತ ಹೇಳಿ ಬಿಟ್ಟಿದ್ದೆವು. ಯಾರೂ ಇಳಿಯುತ್ತಿರಲಿಲ್ಲ. ಯಾಕೆ? ಕುಯ್ಲು ಕೆಜಿ ಲೆಕ್ಕ. ಇಳಿದರೆ ಅವರ ಕೂಲಿ ಹೋಗುತ್ತದೆ. ಪಕ್ಕದವನು ಇಳಿಯದೆ ಇದ್ದರೆ ಇವನು ಯಾಕೆ ಇಳಿಯುತ್ತಾನೆ?

ಆಮೇಲೆ ಹೀಗೆ ಮಾಡಿದೆವು. ಮೇಸ್ತ್ರಿ ಕೈಗೆ ಒಂದು ವಿಸಲ್. ಅವನು ಊದಿದರೆ ಎಲ್ಲರೂ ಇಳಿದು ಲೈನ್ ಮನೆಗೆ (ಆಳುಗಳ ಸಾಲುಮನೆ) ಅಥವಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಗೆ ಬರಬೇಕು. ಆ ಹೊತ್ತಿಗೆ ದಿನಗೂಲಿ ಲೆಕ್ಕದಲ್ಲಿ ಸಂಬಳ ಹಾಕುತ್ತೇವೆ. ಮೇಸ್ತ್ರಿ ಸುಮ್ಮಸುಮ್ಮನೆ ಊದಿದ ಅಂತ ಯಾರೂ, ಸಾಹುಕಾರರೂ ಕೂಡ, ಅವನನ್ನು ಕೇಳುವಂತಿಲ್ಲ. ಅವತ್ತಿಂದ ಎಲ್ಲರೂ ಇಳಿಯುತ್ತಾರೆ.

ಮೇಷ್ಟ್ರೇ, ನಿಮ್ಮ ಹುಡುಗರು 4 ಓವರ್ ಬಿಟ್ಟು ಬರಲಿಲ್ಲ ಯಾಕೆ ಅಂದರೆ ಬಂದರೆ ಪಂದ್ಯ ಹೋಗುತ್ತಿತ್ತು. ಒಳಗೆ ಬಂದವರಿಗೆ ಏನೂ ನಷ್ಟ ಇಲ್ಲ ಅಂತ ಮೊದಲೇ ಮಾಡಿಡಿ.

ಮೈದಾನದ ಮೇಷ್ಟ್ರು, ಹಾಸನ

ರೈಟರ್ ಅವರೇ, ಈ ಮಾತನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ನಿಜ. ಅವತ್ತು ಬಿಕಾಂ ತಂಡ ಗೆಲ್ಲಲು 19 ರನ್ ಬೇಕಿತ್ತು. ನಿಲ್ಲಿಸಿದರೆ ಸೋತಂತೆ ಅಂತ ಅವರ ಲೆಕ್ಕ. ನಿಂತ ಪಂದ್ಯ ನಿಂತಲ್ಲಿಂದಲೇ ಮರುದಿನ ಶುರುವಾಗುತ್ತದೆ ಅಂತ ನಾನು ಮೊದಲೇ ಹೇಳಿದ್ದಿದ್ದರೆ ಅವರೇ ಸ್ಟಂಪ್ ಕಿತ್ತುಕೊಂಡು ಬರುತ್ತಿದ್ದರು.

ಕೊನೇ ಬಸ್, ಅರಸೀಕೆರೆ ಕಡೆ

ನಾನು ವಿದ್ಯಾರ್ಥಿನಿ. ದಿನಾ ಹಳ್ಳಿಯಿಂದ ಹಾಸನಕ್ಕೆ ಓಡಾಡುತ್ತೇನೆ. ನಷ್ಟದ ಮಾತು ಬಂತಲ್ಲ, ನಮ್ಮದನ್ನೂ ಕೇಳಿ.

ಮೋಡ ಕಟ್ಟಿದರೆ ನಮ್ಮ ಕಾಲೇಜಿನಲ್ಲಿ ಮೊದಲು ಮಾಡುವ ಕೆಲಸ ಕ್ಲಾಸ್ ಬಿಡುವುದು. "ಮಳೆ ಬರುವಂತಿದೆ, ಬೇಗ ಮನೆಗೆ ಹೋಗಿ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನನ್ನ ಬಸ್ ಇರುವುದು ಐದು ಕಾಲಿಗೆ. ನಾಲ್ಕು ಗಂಟೆಗೆ ಹೊರಗೆ ಕಳಿಸಿದರೆ ಗೇಟಿನ ಹೊರಗೆ ತಗಡಿನ ತಂಗುದಾಣದಲ್ಲಿ ಒಂದೂ ಕಾಲು ಗಂಟೆ ನಿಲ್ಲಬೇಕು. ಮೂರು ಕಡೆ ಗೋಡೆ ಇಲ್ಲ, ನಾಲ್ಕು ಕಬ್ಬಿಣದ ಕಂಬ. ಅದರ ಹಿಂದೆ ದೊಡ್ಡ ಗುಲ್‌ಮೊಹರ್ ಮರ. 40 ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿರುತ್ತೇವೆ. ವಾಪಸ್ ಒಳಗೆ ಹೋಗೋಣ ಅಂದರೆ ಕ್ಲಾಸ್‌ಗೆಲ್ಲ ಬೀಗ. ಹೋದ ವರ್ಷ ಆಲಿಕಲ್ಲು ಬಿದ್ದಾಗ ಬ್ಯಾಗ್ ತಲೆಯ ಮೇಲೆ ಹಿಡಿದುಕೊಂಡು ನಿಂತಿದ್ದೆ.

ಜೂನ್, ಜುಲೈನಲ್ಲಿ ಜಾಸ್ತಿ ಮಳೆ ಬಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಈ ಸಂಜೆ ಗುಡುಗಿಗೆ ಯಾರೂ ರಜೆ ಕೊಡುವುದಿಲ್ಲ, ಕೊಟ್ಟರೂ ಪ್ರಯೋಜನ ಇಲ್ಲ. ನಮಗೆ ರಜೆ ಬೇಡ. ಒಂದು ಕೋಣೆ ತೆರೆದಿಡಿ ಸಾಕು.

ಫಿಸಿಕ್ಸ್ ಮೇಡಂ, ಚಿಕ್ಕಮಗಳೂರು

ಪುಟ್ಟಿ, ನೀನು ಹೇಳಿದ್ದು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ. ಸಿಡಿಲಿನ ಹೊತ್ತಿಗೆ ಮಕ್ಕಳನ್ನು ಮನೆಗೆ ಬಿಡುವುದು ಅಂದರೆ ಒಳಗಿದ್ದವರನ್ನು ಹೊರಗೆ ಹಾಕಿದಂತೆ. ತಗಡಿನ ತಂಗುದಾಣ, ಬೈಕ್ ಸ್ಟ್ಯಾಂಡ್, ಮೈದಾನದ ಪೆವಿಲಿಯನ್, ಇವೆಲ್ಲ ಮಳೆಗೆ ಆಸರೆ, ಸಿಡಿಲಿಗೆ ಅಲ್ಲ. ನಾಲ್ಕು ಗೋಡೆ, ಗಟ್ಟಿ ಛಾವಣಿ, ಒಳಗೆ ವೈರಿಂಗ್ ಮತ್ತು ನೀರಿನ ಪೈಪ್ ಇರುವ ಕಟ್ಟಡ ಬೇಕು. ಸಿಡಿಲು ಬಡಿದರೆ ಆ ವೈರು, ಪೈಪು, ಪಿಲ್ಲರ್ ಕಂಬಿಗಳ ಮೂಲಕ ನೆಲಕ್ಕೆ ಇಳಿದು ಹೋಗುತ್ತದೆ.

ಬಸ್ ಬಂದು ನಿಂತರೆ ಹತ್ತಿ ಒಳಗೆ ಕೂತುಬಿಡಿ, ಬಸ್ ಒಳ್ಳೆಯ ಜಾಗ. ಕಾರೂ ಅಷ್ಟೇ, ಗಾಜು ಏರಿಸಿಕೊಂಡು. ಟೈರು ರಬ್ಬರ್ ಅಂತ ಅಲ್ಲ. ಸುತ್ತಲಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಬೈಕಿಗೂ ರಬ್ಬರ್ ಟೈರ್ ಇದೆ, ಅದು ಕಾಪಾಡುವುದಿಲ್ಲ.

ಓದುಗ, ಸಕಲೇಶಪುರ

ಕ್ಷಮಿಸಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಪ್ರತಿ ಗುಡುಗಿಗೂ ನಿಲ್ಲಿಸಿದರೆ ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಆಟವೇ ನಡೆಯುವುದಿಲ್ಲ. ದಿನಾ ಗುಡುಗುತ್ತದೆ. ಮಕ್ಕಳು ಆಡುವುದಾದರೂ ಯಾವಾಗ?

ಮೈದಾನದ ಮೇಷ್ಟ್ರು, ಹಾಸನ

ಹೋದ ವಾರದವರೆಗೆ ನಾನೂ ಹೀಗೇ ಯೋಚಿಸುತ್ತಿದ್ದೆ ಸರ್. ಆದರೆ ನೋಡಿ, ಈ ಗುಡುಗು ಕಟ್ಟುವುದು ಬಿಸಿಲಿಗೆ ನೆಲ ಕಾದ ಮೇಲೆ. ಹೆಚ್ಚು ಪಾಲು ಮಧ್ಯಾಹ್ನ ಮೂರರ ಮೇಲೆ. ಬೆಳಿಗ್ಗೆ ಆರೂವರೆಗೆ ಶುರು ಮಾಡಿದರೆ ಹತ್ತಕ್ಕೆ ಪಂದ್ಯ ಮುಗಿದು ಮಕ್ಕಳು ಕ್ಯಾಂಟೀನ್‌ನಲ್ಲಿ ಇರುತ್ತಾರೆ. ಏಪ್ರಿಲ್, ಮೇನಲ್ಲಿ ಸಂಜೆ ಆಟ ಬೇಡ ಅಂತ ಈಗಾಗಲೇ ಬರೆದುಕೊಟ್ಟಿದ್ದೇನೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನ ಹಸ್ತ, ಚಿತ್ತ ಮಳೆಗೂ ಇದೇ ಲೆಕ್ಕ.

ಓದುಗ, ಸಕಲೇಶಪುರ

ಬೆಳಿಗ್ಗೆ ಆದರೆ ಸರಿ. ಒಪ್ಪಿದೆ.

ನಿವೃತ್ತ ಲೈನ್‌ಮನ್, ಹಾಸನ

ಎಲ್ಲ ಸಿಡಿಲಿನ ಬಗ್ಗೆ ಬರೆದಿದ್ದೀರಿ. ಗಾಳಿ ಬಗ್ಗೆ ನಾನು ಹೇಳುತ್ತೇನೆ. ನನ್ನ ಸರ್ವಿಸ್‌ನಲ್ಲಿ ನಾನು ಹೆಚ್ಚು ನೋಡಿದ್ದು ಗಾಳಿಗೆ ಮರ ಬಿದ್ದು, ಮರದ ಜೊತೆ ವೈರ್ ಬಿದ್ದು, ಅದನ್ನು ನೋಡಲು ಹೋದವರಿಗೆ ತೊಂದರೆ ಆದದ್ದು. ಮಳೆ ನಿಂತ ಮೇಲೆ ಆಗುವ ಅನಾಹುತ ಇದು. ಎಲ್ಲರೂ ಸದ್ಯ ಮುಗಿಯಿತು ಅಂತ ಹೊರಗೆ ಬರುವ ಹೊತ್ತು.

ಬಿದ್ದ ವೈರ್ ಕಿಡಿ ಹಾರಿಸುತ್ತಿಲ್ಲ, ಊರಲ್ಲೆಲ್ಲ ಕರೆಂಟ್ ಇಲ್ಲ, ಹಾಗಾಗಿ ಅದು ಸತ್ತಿದೆ ಅಂತ ತಿಳಿಯಬೇಡಿ. ಸಬ್‌ಸ್ಟೇಷನ್‌ನಲ್ಲಿ ಲೈನ್ ಟ್ರಿಪ್ ಆದರೆ, ಅಂದರೆ ತಾನಾಗಿ ಕಟ್ ಆದರೆ, ಸ್ವಲ್ಪ ಹೊತ್ತಿಗೆ ಮತ್ತೆ ಕರೆಂಟ್ ಬಿಟ್ಟು ನೋಡುತ್ತಾರೆ. ಕೊಂಬೆ ತಾಗಿ ಟ್ರಿಪ್ ಆಗಿದ್ದರೆ ಲೈನ್ ಮತ್ತೆ ಶುರುವಾಗಲಿ ಅಂತ. ಆ ಕ್ಷಣ ನೀವು ವೈರ್ ಪಕ್ಕ ಇದ್ದರೆ? ಇನ್ನೊಂದು, ಕಾಲೇಜಿನ ಜನರೇಟರ್ ಸರಿಯಾದ ಚೇಂಜ್‌ಓವರ್ (ಹೊರಗಿನ ಲೈನ್ ಬಿಡಿಸಿ ಜನರೇಟರಿಗೆ ಹಾಕುವ ಸ್ವಿಚ್) ಇಲ್ಲದೆ ಹಾಕಿದ್ದರೆ ಒಳಗಿನಿಂದಲೇ ಕರೆಂಟ್ ವಾಪಸ್ ಲೈನಿಗೆ ಬರುತ್ತದೆ. ನಮ್ಮ ಹುಡುಗರು ಕಂಬ ಹತ್ತುವಾಗ ಹೆದರುವುದು ಇದಕ್ಕೇ.

ವೈರ್ ಬಿದ್ದಿದ್ದರೆ 30 ಅಡಿ ಹತ್ತಿರ ಹೋಗಬೇಡಿ. ನೀರು ನಿಂತಿದ್ದರೆ ಇನ್ನೂ ದೂರ. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ದೊಡ್ಡ ಹೆಜ್ಜೆ ಇಡಬೇಡಿ. ಮೇಡಂ ಹೇಳಿದ ದನದ ಕಥೆಯೇ ಇಲ್ಲೂ. ಪಾದಕ್ಕೆ ಪಾದ ಜೋಡಿಸಿ, ನೆಲಕ್ಕೆ ಉಜ್ಜಿಕೊಂಡು ಚೂರು ಚೂರೇ ಹಿಂದೆ ಸರಿಯಿರಿ. ಒಬ್ಬರು ದೂರ ನಿಂತು ಬೇರೆಯವರನ್ನು ತಡೆಯಲಿ. 1912ಕ್ಕೆ ಫೋನ್ ಮಾಡಿ. ಕರೆಂಟ್ ಕಂಪನಿ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಎರಡಕ್ಕೂ ಅದೇ ನಂಬರ್. ಕಂಬದ ಮೇಲೆ ನಂಬರ್ ಬರೆದಿದ್ದರೆ ದೂರದಿಂದ ಓದಿ ಹೇಳಿ, ಜಾಗ ಬೇಗ ಸಿಗುತ್ತದೆ. ಕೋಲು ತೆಗೆದುಕೊಂಡು ಸರಿಸುವ ಕೆಲಸ ಯಾರೂ ಮಾಡಬೇಡಿ. ಒದ್ದೆ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ.

ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿರುವ ಸ್ಟೇ ವೈರ್‌ಗೆ ಒರಗಿ ನಿಲ್ಲಬೇಡಿ. ಹಾಸ್ಟೆಲ್ ಹಿಂದೆ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿರುತ್ತಾರೆ, ಎಷ್ಟೋ ಕಡೆ ಬಿಚ್ಚಿಸಿದ್ದೇನೆ.

ಮೇಷ್ಟ್ರೇ, ನಿಮ್ಮ ಕಾಲೇಜಿನ ಮೇಲೆ ಸಿಡಿಲು ತಡೆಯುವ ಕಂಬಿ ಇದೆಯಾ?

ಮೈದಾನದ ಮೇಷ್ಟ್ರು, ಹಾಸನ

ಹಳೇ ಕಟ್ಟಡದ ಮೇಲೆ ಇದೆ. ಮೂರು ಮುಳ್ಳಿನದ್ದು. ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಿವೃತ್ತ ಲೈನ್‌ಮನ್, ಹಾಸನ

ಮೇಲಿನ ಮುಳ್ಳು ನೋಡಬೇಡಿ, ಅದರಿಂದ ಇಳಿದ ತಾಮ್ರದ ಪಟ್ಟಿ ಹಿಡಿದು ಕೆಳಗೆ ಬನ್ನಿ. ಎಷ್ಟೋ ಕಡೆ ಆಳೆತ್ತರದವರೆಗೆ ಪಟ್ಟಿ ಇರುತ್ತದೆ, ಅದರ ಕೆಳಗೆ ಯಾರೋ ಕತ್ತರಿಸಿಕೊಂಡು ಹೋಗಿರುತ್ತಾರೆ. ಪೇಂಟ್ ಹೊಡೆಯುವವರು ಕ್ಲಾಂಪ್ ಬಿಚ್ಚಿ ಹಾಗೇ ಬಿಟ್ಟಿರುತ್ತಾರೆ. ಮೇಲೆ ಕಂಬಿ ಇದ್ದು ಕೆಳಗೆ ನೆಲ ಸೇರದಿದ್ದರೆ ಸಿಡಿಲು ಗೋಡೆಗೇ ಹಾರುತ್ತದೆ.

ಪಟ್ಟಿ ನೆಲ ಸೇರುವ ಕಡೆ ಅರ್ಥ್ ಪಿಟ್, ಅಂದರೆ ಕರೆಂಟ್ ನೆಲಕ್ಕಿಳಿಸುವ ಗುಂಡಿ, ಇರಬೇಕು. ಮುಚ್ಚಳ ತೆಗೆಸಿ ನೋಡಿ. ಏಪ್ರಿಲ್ ಹೊತ್ತಿಗೆ ಒಣಗಿ ಬೂದಿಯಂತೆ ಆಗಿರುತ್ತದೆ. ಉಪ್ಪು, ಇದ್ದಿಲು ಹಾಕಿದ ಪಿಟ್ ಆದರೆ ಬೇಸಿಗೆಯಲ್ಲಿ ವಾರಕ್ಕೊಂದು ಸಲ ನೀರು ಹಾಕಿಸಿ. ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕರೆಸಿ ಅರ್ಥ್ ಮೆಗ್ಗರ್ ಹಾಕಿಸಿ ಅರ್ಥ್ ರೋಧ ಅಳೆಸಿ, 10 ಓಮ್ ಒಳಗೆ ಬರಬೇಕು. ವರ್ಷಕ್ಕೊಂದು ಸಲ, ಭರಣಿ ಹುಟ್ಟುವ ಮುಂಚೆ. ಎಲ್ಲ ಸರಿ ಇದ್ದರೂ ಅದು ಕಾಯುವುದು ಕಟ್ಟಡವನ್ನು. ಮೈದಾನದಲ್ಲಿ ಇರುವವರನ್ನು ಅಲ್ಲ.

ತೋಟದ ರೈಟರ್, ಮೂಡಿಗೆರೆ

ಗಾಳಿ ಮಾತು ಬಂತು, ಮರದ ಬಗ್ಗೆ ಸ್ವಲ್ಪ. ಕಾಲೇಜುಗಳಲ್ಲಿ ಬೇಗ ಬೆಳೆಯುತ್ತದೆ ಅಂತ ಸಿಲ್ವರ್ ಓಕ್, ಅಕೇಶಿಯಾ ಸಾಲಾಗಿ ನೆಟ್ಟಿರುತ್ತಾರೆ, ಅದರ ಕೆಳಗೇ ಬೈಕ್ ನಿಲ್ಲಿಸುತ್ತಾರೆ. ಎರಡೂ ಗಾಳಿಗೆ ಪಟ್ ಅಂತ ಮುರಿಯುವ ಮರ. ಆರಿದ್ರ, ಪುನರ್ವಸು ಮಳೆಗೆ ಗುಡುಗು ಕಮ್ಮಿ, ಗಾಳಿ ಜಾಸ್ತಿ. ಹದಿನೈದು ದಿನ ನೆಲ ನೆಂದು ಬೇರು ಸಡಿಲ ಆಗಿರುತ್ತದೆ, ಆಗ ಸಣ್ಣ ಗಾಳಿಗೂ ಇಡೀ ಮರ ಬುಡಮೇಲು. ಬುಡದ ಮಣ್ಣು ಒಂದು ಕಡೆ ಬಿರುಕು ಬಿಟ್ಟು ಎದ್ದಿದ್ದರೆ ಆ ಮರ ಬೀಳಲು ಹೊರಟಿದೆ ಅಂತ ಅರ್ಥ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆ. ಮೇ ತಿಂಗಳಲ್ಲೇ ಒಣಕೊಂಬೆ ತೆಗೆಸಿ.

ಸ್ಟಾಫ್ ನರ್ಸ್

ಇಷ್ಟು ಜನ ಬರೆದಿದ್ದೀರಿ, ಬಿದ್ದವರಿಗೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ತಕ್ಷಣ ಮುಟ್ಟಬಹುದು. ಮುಟ್ಟಲು ಹೆದರಿ ಐದು ನಿಮಿಷ ಸುತ್ತ ನಿಂತು ನೋಡಿದರೆ ಆ ಜೀವ ಹೋಗುತ್ತದೆ. ಇದು ಸಿಡಿಲಿಗೆ ಮಾತ್ರ. ಲೈನ್‌ಮನ್ ಅಣ್ಣ ಹೇಳಿದ ಬಿದ್ದ ವೈರ್ ತಾಗಿದವರನ್ನು ಹಾಗೆ ಮುಟ್ಟಬಾರದು, ಮೊದಲು ಲೈನ್ ಆಫ್ ಆಗಬೇಕು. ಈ ಎರಡನ್ನು ಕಲಸಿಕೊಳ್ಳಬೇಡಿ.

ಮೂರ್ನಾಲ್ಕು ಜನ ಬಿದ್ದಿದ್ದರೆ ಯಾರ ಹತ್ತಿರ ಮೊದಲು ಹೋಗಬೇಕು? ಬೇರೆ ಅಪಘಾತದಲ್ಲಿ ಸತ್ತಂತೆ ಕಾಣುವವರನ್ನು ಬಿಟ್ಟು ನರಳುವವರನ್ನು ನೋಡುತ್ತೇವೆ. ಸಿಡಿಲಿನಲ್ಲಿ ಉಲ್ಟಾ. ಕೂಗುವವರು, ನರಳುವವರು ಉಸಿರಾಡುತ್ತಿದ್ದಾರೆ, ಅವರು ಸಾಮಾನ್ಯವಾಗಿ ಬದುಕುತ್ತಾರೆ. ಉಸಿರಿಲ್ಲದೆ ಸುಮ್ಮನೆ ಬಿದ್ದವರ ಹತ್ತಿರ ಮೊದಲು ಹೋಗಿ. ಅವರ ಎದೆ ನಿಂತಿರುತ್ತದೆ, ಆದರೆ ಮತ್ತೆ ಶುರುವಾಗುವ ಸಾಧ್ಯತೆ ಇರುತ್ತದೆ. ಎಷ್ಟೋ ಸಲ ಎದೆ ಬಡಿತ ತಾನಾಗಿ ಬರುತ್ತದೆ, ಉಸಿರು ಬರುವುದು ತಡ. ಆ ನಡುವಿನ ಹೊತ್ತನ್ನು ನಾವು ತುಂಬಿಕೊಡಬೇಕು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಅಂಗೈ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಬಗ್ಗಿಸದೆ ಒತ್ತಿ. 5 ಸೆಂಟಿಮೀಟರ್ ಇಳಿಯಬೇಕು. ನಿಮಿಷಕ್ಕೆ 100ರಿಂದ 120 ಸಲ. ಗೊತ್ತಿದ್ದವರು 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡಿ. ಗೊತ್ತಿಲ್ಲದವರು ಒತ್ತುವುದನ್ನು ಮಾತ್ರ ಬಿಡಬೇಡಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಇನ್ನೊಬ್ಬರು ಬದಲಾಗಿ. ಒಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಗೇಟಿನ ಹತ್ತಿರ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಲಿ. ನೀವಿರುವ ಜಾಗಕ್ಕೆ ಇನ್ನೂ ಸಿಡಿಲು ಬರುವಂತಿದ್ದರೆ ಮೊದಲು ಅವರನ್ನು ಎತ್ತಿಕೊಂಡು ಒಳಗೆ ಹೋಗಿ.

ಎದ್ದು ನಡೆದಾಡುತ್ತಿದ್ದಾರೆ ಅಂತ ಮನೆಗೆ ಕಳಿಸಬೇಡಿ. ಮೇಷ್ಟ್ರು ಮಾಡಿದಂತೆ ಇಸಿಜಿ ಆಗಲೇಬೇಕು, ಕಿವಿ ತಮಟೆ ಹರಿದಿದೆಯಾ ನೋಡಿಸಬೇಕು.

ಹಾಸ್ಟೆಲ್ ವಾರ್ಡನ್, ಚಿಕ್ಕಮಗಳೂರು

ನರ್ಸ್ ಮೇಡಂ, ನಿಮ್ಮ ಈ ಬರಹವನ್ನು ನಮ್ಮ ಹಾಸ್ಟೆಲ್ ಬೋರ್ಡಿಗೆ ಹಾಕುತ್ತೇನೆ, ಬೇಜಾರಿಲ್ಲ ಅಲ್ವಾ?

ನಮ್ಮಲ್ಲಿ ತೊಂದರೆ ತಾರಸಿಯದ್ದು. ಗುಡುಗು ಕೇಳಿದ ತಕ್ಷಣ 60 ಹುಡುಗಿಯರು ಬಟ್ಟೆ ತೆಗೆಯಲು ಮೇಲಕ್ಕೆ ಓಡುತ್ತಾರೆ. ಇಡೀ ಕಟ್ಟಡದಲ್ಲಿ ಅತಿ ಎತ್ತರದ ಜಾಗ, ಕಬ್ಬಿಣದ ತಂತಿ, ಒದ್ದೆ ಬಟ್ಟೆ, ಪಕ್ಕದಲ್ಲಿ ಸೋಲಾರ್ ಮತ್ತು ನೀರಿನ ಟ್ಯಾಂಕ್. ಬೇಡ ಅಂದರೆ "ಮೇಡಂ, ನಾಳೆ ಯೂನಿಫಾರ್ಮ್ ಇಲ್ಲ" ಅನ್ನುತ್ತಾರೆ. ರೈಟರ್ ಅಣ್ಣನ ಮಾತು ಓದಿದ ಮೇಲೆ ಹೊಳೆಯಿತು, ಅವರಿಗೂ ಅದು ನಷ್ಟವೇ. ಈ ವಾರ ಕೆಳಗಿನ ಊಟದ ಹಾಲಿನ ಪಕ್ಕದ ವರಾಂಡದಲ್ಲಿ ನೈಲಾನ್ ಹಗ್ಗ ಕಟ್ಟಿಸಿದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಎರಡಕ್ಕೆ ತಾರಸಿ ಬಾಗಿಲಿಗೆ ಬೀಗ. ಬಟ್ಟೆ ನೆಂದರೆ ಮರುದಿನ ಯೂನಿಫಾರ್ಮ್ ಕೇಳಬಾರದು ಅಂತ ಪ್ರಿನ್ಸಿಪಾಲರಿಂದ ಬರೆಸಿಕೊಂಡಿದ್ದೇನೆ.

ಗುಡುಗುವಾಗ ಸ್ನಾನ, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಬೇಡ ಅಂತಲೂ ಹೇಳಿದ್ದೇನೆ. ಪೈಪಿನಲ್ಲಿ ವಿದ್ಯುತ್ ಬರುತ್ತದೆ. ಅಡುಗೆಯವರು ಮೊದಲು ಒಪ್ಪಲಿಲ್ಲ, ರಾತ್ರಿ ಊಟ ತಡ ಆಗುತ್ತದೆ ಅಂದರು. ಮಧ್ಯಾಹ್ನವೇ ಎರಡು ಹಂಡೆ ನೀರು ತುಂಬಿಡುತ್ತಾರೆ ಈಗ. ಕಿಟಕಿ ಸರಳು ಹಿಡಿದು ಮಿಂಚಿನ ವಿಡಿಯೋ ಮಾಡುವುದನ್ನು ಬಿಡಿಸುವುದು ಇನ್ನೂ ಬಾಕಿ.

ಒಬ್ಬ ತಂದೆ, ಕಡೂರು

ನನ್ನ ಮಗಳು ಚಿಕ್ಕಮಗಳೂರಿನಲ್ಲಿ ಓದುತ್ತಾಳೆ. ಸಂಜೆ ಗುಡುಗಿದರೆ ನಾವು ಹತ್ತು ಸಲ ಫೋನ್ ಮಾಡುತ್ತೇವೆ, "ಎಲ್ಲಿದ್ದೀಯಾ, ಬೇಗ ಹೊರಡು" ಅಂತ. ಇದನ್ನೆಲ್ಲ ಓದಿದ ಮೇಲೆ ಅನ್ನಿಸಿತು, ಹಾಗೆ ಹೇಳಬಾರದು. "ಅಲ್ಲೇ ಇರು, ನಿಂತ ಮೇಲೆ ಬಾ, ನಾನೇ ಸ್ಟ್ಯಾಂಡಿಗೆ ಬರುತ್ತೇನೆ" ಅನ್ನಬೇಕು. ಬೇರೆ ತಂದೆ ತಾಯಿಯರೂ ಇದನ್ನು ನೋಡಲಿ.

ಮೈದಾನದ ಮೇಷ್ಟ್ರು, ಹಾಸನ

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನೀವು ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಕೂತೆ. ಒಂದೂವರೆ ಗಂಟೆ ಕೇಳಿದರು.

ಮೂರು ವಿಸಲ್ ತಂದಿದ್ದೇವೆ. ಒಂದು ನನ್ನ ಕೈಯಲ್ಲಿ, ಒಂದು ಗೇಟಿನ ವಾಚ್‌ಮನ್ ಹತ್ತಿರ, ಒಂದು ಲೈಬ್ರರಿಯಲ್ಲಿ. ಯಾರಿಗೆ ಮೊದಲು ಗುಡುಗು ಕೇಳಿಸಿದರೂ ಅವರು ಊದಬಹುದು, ಯಾರನ್ನೂ ಕೇಳಬೇಕಿಲ್ಲ. ವಾಚ್‌ಮನ್ ಊದಿದರೆ ಪ್ರಿನ್ಸಿಪಾಲರೂ ಒಳಗೆ ಬರಬೇಕು. ಹಾಗಂತ ಅವರೇ ಅಸೆಂಬ್ಲಿಯಲ್ಲಿ ಹೇಳಿದರು. ನಿಂತ ಪಂದ್ಯ ಮರುದಿನ ನಿಂತ ಚೆಂಡಿನಿಂದಲೇ ಶುರು. ಆ ಹೊತ್ತಿನ ಹಾಜರಾತಿ ಯಾರದ್ದೂ ಕಳೆಯುವುದಿಲ್ಲ. ಅರಸೀಕೆರೆ ಕಡೆಯ ಹುಡುಗಿಗೆ ಹೇಳುತ್ತೇನೆ, ನೀನು ನಮ್ಮ ಕಾಲೇಜಿನವಳೋ ಅಲ್ಲವೋ ಗೊತ್ತಿಲ್ಲಮ್ಮ, ಆದರೆ ನಮ್ಮಲ್ಲಿ ಲೈಬ್ರರಿ ಮತ್ತು ಕೆಳಗಿನ ಎರಡು ಕ್ಲಾಸ್ ಕೊನೇ ಬಸ್ ಹೋಗುವವರೆಗೆ ತೆರೆದಿರುತ್ತವೆ. ಬೀಗ ಹಾಕುವ ಮುಂಚೆ ಅಟೆಂಡರ್ ಗೇಟಿನ ಹೊರಗೆ ಒಂದು ಸಲ ನೋಡಿ ಬರುತ್ತಾರೆ.

ತಂಗುದಾಣದ ಹಿಂದಿನಂಥದ್ದೇ ಒಂದು ಮರ ನಮ್ಮ ಗೇಟಿನಲ್ಲೂ ಇದೆ, ಬುಡದಲ್ಲಿ ಅಣಬೆ. ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅರ್ಜಿ ಹಾಕಿದ್ದೇವೆ. ಅಲ್ಲಿಯವರೆಗೆ ಅದರ ಕೆಳಗೆ ಬೈಕ್ ನಿಲ್ಲಿಸದಂತೆ ಹಗ್ಗ ಕಟ್ಟಿದ್ದೇವೆ. ತಾಮ್ರದ ಪಟ್ಟಿ ಹಿಡಿದು ಕೆಳಗೆ ಬಂದೆ ಲೈನ್‌ಮನ್ ಅಣ್ಣ. ನೀವು ಹೇಳಿದ ಹಾಗೇ ಇತ್ತು. ನನ್ನ ಭುಜದ ಎತ್ತರದಲ್ಲಿ ಕತ್ತರಿಸಿ ಹೋಗಿದೆ.

ನಿವೃತ್ತ ಲೈನ್‌ಮನ್, ಹಾಸನ

ಶನಿವಾರ ಬರುತ್ತೇನೆ ಮೇಷ್ಟ್ರೇ. ಗೊತ್ತಿರುವ ಕಂಟ್ರಾಕ್ಟರ್ ಒಬ್ಬರನ್ನು ಜೊತೆಗೆ ಕರೆತರುತ್ತೇನೆ, ಮೆಗ್ಗರ್ ಅವರ ಹತ್ತಿರ ಇದೆ. ಪಿಟ್ ಎಲ್ಲಿದೆ ಅಂತ ಹುಡುಕಿಸಿ, ಹುಲ್ಲು ತೆಗೆಸಿಡಿ. ಎರಡು ಬಕೆಟ್ ನೀರು ಬೇಕು.

ಬಿಕಾಂ ಎರಡನೇ ವರ್ಷ

ಸರ್, ಇವತ್ತು ಮೂರು ಮುಕ್ಕಾಲಿಗೆ ವಾಚ್‌ಮನ್ ಅಣ್ಣ ಊದಿದಾಗ ಬಿಸಿಲಿತ್ತು. ಎಲ್ಲರೂ ಬಂದೆವು. ಲೈಬ್ರರಿಯಲ್ಲಿ ಜಾಗ ಸಾಲಲಿಲ್ಲ, ಮೆಟ್ಟಿಲ ಮೇಲೂ ಕೂತಿದ್ದೆವು. ಅವನೂ ಇದ್ದ, ಕಾಲಿಗೆ ಏಟಾದವನು. ಕಿಟಕಿಯಿಂದ ದೂರ ಕೂತ್ಕೊಳ್ಳಿ ಅಂತ ಎಲ್ಲರಿಗೂ ಅವನೇ ಹೇಳುತ್ತಿದ್ದ. ಮಳೆ ಬಂದದ್ದು ನಾಲ್ಕೂ ಹತ್ತಕ್ಕೆ.